ಎತ್ತಿ ನೋಡಿ, ಆಮೇಲೆ ನೀರು ಹಾಕಿ

ಕಳೆದ ಸಲ ದಾಸವಾಳದ ಹಿಟ್ಟು ತಿಗಣೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಒಂದಕ್ಕೆ ದಾಸವಾಳದ ಗೊಡವೆಯೇ ಇರಲಿಲ್ಲ. “ಮೇಡಂ, ಹ್ಯಾಂಗಿಂಗ್ ಪಾಟ್‌ನಲ್ಲಿ ಬಿಗೋನಿಯಾ ಹಾಕಿದೀನಿ. ದಿನಕ್ಕೆ ಎರಡು ಸಲ ನೀರು ಕೊಡ್ತೀನಿ, ಆದ್ರೂ ಎಲೆ ಜೋತು ಬೀಳುತ್ತೆ. ಮೂರು ಸಲ ಹಾಕ್ಲಾ?”

ಬೇಡ. ದಯವಿಟ್ಟು ಬೇಡ. ಎರಡು ಸಲದ್ದನ್ನೂ ಇವತ್ತೇ ನಿಲ್ಲಿಸಿ, ಮೊದಲು ಇದನ್ನು ಓದಿ.

ಉತ್ತರ ಕೊಡೋಕೆ ಇಷ್ಟು ದಿನ ಹಿಡಿದಿದ್ದಕ್ಕೆ ಕಾರಣ ಇದೆ. ಹೋದ ವರ್ಷ ನಾನೇ ನಾಲ್ಕರಲ್ಲಿ ಮೂರು ಬುಟ್ಟಿ ಬಿಗೋನಿಯಾ ಕೊಂದಿದ್ದೆ. ನಾನೇ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಆ ಕತೆ ಬರೆಯೋದೋ ಬೇಡವೋ ಅಂತ ಮನೆಯಲ್ಲಿ ಕೇಳಿಕೊಂಡೇ ಬರೀತಿದೀನಿ.

ಗಿಡ ಬಂದಿದ್ದು ಬೇಲೂರಿನಿಂದ. ನನ್ನ ನಾದಿನಿ ಮನೆ ಅಲ್ಲಿ. ಅವಳ ಮನೆ ಮುಂದಿನ ಸಜ್ಜೆಯಿಂದ ಸಾಲಾಗಿ ಬುಟ್ಟಿ ಇಳಿಬಿಟ್ಟಿದಾಳೆ. ಒಂದೊಂದರಿಂದಲೂ ಕೆಂಪು, ಕಿತ್ತಳೆ ಹೂವು ಕಿವಿಯೋಲೆ ಥರ ಜೋತಾಡ್ತಿರುತ್ತೆ. ಇದು ಗೆಡ್ಡೆಯಿಂದ ಬರೋ ಬಿಗೋನಿಯಾ. ಕುಂಡದಲ್ಲಿ ನೆಟ್ಟಗೆ ನಿಲ್ಲೋ ಜಾತಿ ಅಲ್ಲ, ಬುಟ್ಟಿಯ ಅಂಚಿಂದ ಕೆಳಗೆ ಇಳಿಯೋ ಜಾತಿ. ಹಳೇಬೀಡು ನೋಡೋಕೆ ಬಂದಿದ್ದ ಬೆಂಗಳೂರಿನ ಗೆಳತಿಯರನ್ನ ಕರ್ಕೊಂಡು ಬೇಲೂರಿಗೂ ಹೋಗಿದ್ದೆ. ದೇವಸ್ಥಾನದ ಮದನಿಕೆಯರಿಗಿಂತ ಜಾಸ್ತಿ ಫೋಟೋ ಅವಳ ಸಜ್ಜೆ ಕೆಳಗೇ ತೆಗೆದ್ವಿ ಅಂದ್ರೆ ಹೊಯ್ಸಳರು ಕ್ಷಮಿಸಬೇಕು. ಬರುವಾಗ ನಾಲ್ಕು ಬುಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟು ಕಳಿಸಿದಳು.

ಬೇಲೂರಿನಿಂದ ಹಳೇಬೀಡು 16 ಕಿಲೋಮೀಟರ್. ಅಲ್ಲಿಂದ ಜಾವಗಲ್ ದಾಟಿ ಅರಸೀಕೆರೆಗೆ ಬರೋಷ್ಟರಲ್ಲಿ ಗಾಳಿಯೇ ಬೇರೆ ಆಗಿರುತ್ತೆ. ಅಲ್ಲಿ ಅರೆಮಲೆನಾಡು, ಕಾಫಿ ತೋಟ, ಮೋಡ. ಇಲ್ಲಿ ಬಯಲು, ತೆಂಗು, ಬಿಸಿಲು. ಒಂದೇ ಜಿಲ್ಲೆ, ಒಂದೇ ಗಿಡ, ಆದ್ರೆ ಅವಳ ಲೆಕ್ಕದ ನೀರು ನಮ್ಮನೆಗೆ ಒಗ್ಗಲ್ಲ ಅಂತ ನನಗೆ ಹೊಳೆಯಲಿಲ್ಲ.

ಜಗುಲಿ ಮೇಲೆ ನಾಲ್ಕು ಕೊಕ್ಕೆ ಹೊಡೆಸಿ ತೂಗುಹಾಕಿದೆ. ಮೂರು ತಲೆಮಟ್ಟಕ್ಕೆ. ನಾಲ್ಕನೇ ಕೊಕ್ಕೆ ತೊಲೆಯ ಮೂಲೆಯಲ್ಲಿ ಬಂದಿದ್ರಿಂದ ಆ ಬುಟ್ಟಿ ಮಾತ್ರ ಎತ್ತರದಲ್ಲಿ, ಸ್ಟೂಲ್ ಹಾಕಿದ್ರೇನೇ ಕೈಗೆ ಸಿಗೋದು. ಹದಿನೈದು ದಿನದಲ್ಲಿ ತಲೆಮಟ್ಟದ ಮೂರೂ ಜೋತುಬಿದ್ವು. ಎಲೆ ಬಾಡಿದೆ, ಪಾಪ ಬಾಯಾರಿದೆ ಅಂತ ನೀರು ಹಾಕಿದೆ. ಮಾರನೇ ದಿನ ಇನ್ನೂ ಜೋತವು. ಇನ್ನಷ್ಟು ಹಾಕಿದೆ. ಆಮೇಲೆ ಕಾಂಡ ಬುಡದಲ್ಲಿ ಗಾಜಿನ ಥರ ಪಾರದರ್ಶಕ ಆಗಿ, ಮುಟ್ಟಿದ್ರೆ ಲೊಳಕ್ ಅಂತ ಕೈಗೇ ಬಂತು. ಮೂಲೆಯ ನಾಲ್ಕನೇದು ಮಾತ್ರ ಏನೂ ಆಗದ ಹಾಗೆ ಹೂ ಬಿಡ್ತಾನೇ ಇತ್ತು. ನಾನೋ, ಅದಕ್ಕೇ ನೀರು ಹಾಕೋದು ಮರೀತಿದ್ದವಳು.

ಇಲ್ಲಿ ಸ್ವಲ್ಪ ವಿಜ್ಞಾನ, ಯಾಕಂದ್ರೆ ಮೆಸೇಜ್ ಮಾಡಿದವರ ತಪ್ಪೂ ನನ್ನ ತಪ್ಪೂ ಒಂದೇ. ನೀರು ಕಡಿಮೆಯಾದ್ರೂ ಎಲೆ ಬಾಡುತ್ತೆ, ಹೆಚ್ಚಾದ್ರೂ ಬಾಡುತ್ತೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದಿಗೊಂದಿಯಲ್ಲೆಲ್ಲ ನೀರೇ ನಿಂತ್ರೆ ಬೇರು ಉಸಿರುಗಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ. ಅಂದ್ರೆ ನೀರಿನ ಮಧ್ಯೆ ನಿಂತೇ ಗಿಡ ಬಾಯಾರಿ ಸಾಯುತ್ತೆ. ನಾವು ಮೇಲಿಂದ ನೋಡಿ ಇನ್ನೊಂದು ಚೊಂಬು ಸುರೀತೀವಿ. ಎಲೆ ಜೋತಿದ್ದಾಗ ಎಲೆ ನೋಡಬೇಡಿ, ಮಣ್ಣು ಮುಟ್ಟಿ. ಮಣ್ಣು ಒಣಗಿ ಎಲೆ ಜೋತಿದ್ರೆ ನೀರು ಬೇಕು, ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತೆ. ಮಣ್ಣು ಒದ್ದೆ ಇದ್ದೂ ಎಲೆ ಜೋತಿದ್ರೆ ನೀರು ನಿಲ್ಲಿಸಿ, ನೆರಳಲ್ಲಿ ಗಾಳಿಯಾಡೋ ಕಡೆ ಇಡಿ, ಕಾಂಡದಲ್ಲಿ ಮೆತ್ತಗಾದ ಭಾಗ ಕತ್ತರಿಸಿ ಹಾಕಿ. ಉಳಿದ್ರೆ ಉಳೀತು.

ನಾನು ಮೊದಲು ಅನುಮಾನಪಟ್ಟಿದ್ದು ಕೋಕೋಪೀಟ್ ಮೇಲೆ. ಅರಸೀಕೆರೆಯಲ್ಲಿ ಕೂತು ತೆಂಗಿನ ನಾರಿನ ಪುಡಿಯನ್ನ ಆನ್‌ಲೈನ್‌ನಲ್ಲಿ ಇಟ್ಟಿಗೆ ಲೆಕ್ಕದಲ್ಲಿ ತರಿಸಿದ್ದೆ, ಅದಕ್ಕೆ ಅತ್ತೆ ಇನ್ನೂ ಆಡಿಕೊಳ್ತಾರೆ. ಕೋಕೋಪೀಟ್‌ನಲ್ಲಿ ಕೆಲವೊಮ್ಮೆ ಉಪ್ಪಿನಂಶ ಉಳಿದಿರುತ್ತೆ. ಎರಡು ಮೂರು ಸಲ ಒಳ್ಳೆ ನೀರಲ್ಲಿ ನೆನೆಸಿ ಹಿಂಡಿ ಬಳಸೋದು ಕ್ಷೇಮ. ಅದನ್ನ ಮಾಡಿದ್ದೆ. ಆಮೇಲೆ ನೀರಿನ ಮೇಲೆ ಅನುಮಾನ ಬಂತು. ನಮ್ಮ ತಾಲ್ಲೂಕಿನ ಬೋರ್ ನೀರಿನ ಗಡಸು ಗೊತ್ತಲ್ಲ, ಫ್ಲೋರೈಡ್ ಕಾಟ ಬೇರೆ. ಹಾಗಾಗಿ ಮನೆಮನೆಗೂ ಆರ್‌ಓ ಫಿಲ್ಟರ್. ಅದು ಹೊರಗೆ ಬಿಡೋ ನೀರನ್ನ ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕ್ತಿದ್ದೆ, ಉಳಿತಾಯ ಅಂತ. ಇದು ತಪ್ಪು. ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಆ ಬಕೆಟ್‌ನಲ್ಲೇ ಇರುತ್ತೆ. ನೆಲ ಒರೆಸಿ, ಬಚ್ಚಲು ತೊಳೀರಿ, ಬುಟ್ಟಿಯ ಗಿಡಕ್ಕೆ ಮಾತ್ರ ಬೇಡ. ಬುಟ್ಟಿಯ ಅಂಚಲ್ಲಿ, ಮಣ್ಣಿನ ಮೇಲೆ ಬಿಳಿ ಕೆನೆ ಕಟ್ಟಿದ್ರೆ ಅದೇ ಈ ಉಪ್ಪು.

ನೀರು ಬದಲಾಯಿಸಿದೆ. ಸಾಯೋದು ನಿಲ್ಲಲಿಲ್ಲ.

ನಾನು ಮನೆಯಿಂದಲೇ ಕೆಲಸ ಮಾಡೋದು. ಮುಂದಿನ ರೂಮಿನಲ್ಲಿ, ಕಿವಿಗೆ ಹೆಡ್‌ಸೆಟ್, ಮುಖಕ್ಕೆ ಸ್ಕ್ರೀನ್. ಜಗುಲಿಗೂ ನನಗೂ ಮಧ್ಯೆ ಒಂದು ಕಿಟಕಿ ಅಷ್ಟೆ, ಆದ್ರೂ ಅಲ್ಲಿ ಏನು ನಡೆಯುತ್ತೆ ಅಂತ ಗೊತ್ತಿರಲಿಲ್ಲ. ಜುಲೈನಲ್ಲಿ ಒಂದು ದಿನ ಕರೆಂಟು ಹೋಯ್ತು. ಹೆಡ್‌ಸೆಟ್ ತೆಗೆದು ಕಿಟಕಿ ಹತ್ತಿರ ಕೂತೆ. ಹತ್ತು ಗಂಟೆಗೆ ಮಾವ ಚೊಂಬು ಹಿಡ್ಕೊಂಡು ಬಂದು ಮೂರೂ ಬುಟ್ಟಿಗೆ ನೀರು ಹಾಕಿದ್ರು. ಎಷ್ಟು ಜೋಪಾನ ಅಂದ್ರೆ, ಒಂದು ಹನಿ ನೆಲಕ್ಕೆ ಬೀಳದ ಹಾಗೆ. ಒಳಗೆ ಹೋದ್ರು. ಅರ್ಧ ಗಂಟೆ ಬಿಟ್ಟು ಬಂದ್ರು, ಅದೇ ಚೊಂಬು. ಹನ್ನೊಂದು ಕಾಲಿಗೆ ಮತ್ತೆ. ಪ್ರತಿ ಸಲವೂ ಆ ದಿನದ ಮೊದಲನೇ ಸಲ ಅನ್ನೋ ಮುಖ.

ಮಾವನಿಗೆ ಮರೆವು ಶುರುವಾಗಿ ಒಂದು ವರ್ಷ ಆಗಿತ್ತು. ಹಾಸನದ ಡಾಕ್ಟರ ಹತ್ತಿರ ತೋರಿಸಿದ್ವಿ, ಮಾತ್ರೆ ನಡೀತಿತ್ತು. ನಮಗೆ ಅದು ಕನ್ನಡಕ ಹುಡುಕೋ ಮರೆವು, ಕೇಳಿದ್ದನ್ನೇ ಕೇಳೋ ಮರೆವು. ಬುಟ್ಟಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾರೂ ಯೋಚಿಸಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಹೇಳೋಕೆ ನಾಚಿಕೆ ಆಗುತ್ತೆ. ಎ4 ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ “ನೀರು ಹಾಕಬೇಡಿ” ಅಂತ ಪ್ರಿಂಟ್ ತೆಗೆದು ಕಂಬಕ್ಕೆ ಅಂಟಿಸಿದೆ. ಮಾವ ಚೊಂಬು ಹಿಡ್ಕೊಂಡು ಬರೋರು, ಹಾಳೆಯನ್ನ ಜೋರಾಗಿ ಓದೋರು, ಚೊಂಬನ್ನ ಜಗುಲಿ ಮೇಲಿಟ್ಟು ವಾಪಸ್ ಹೋಗೋರು. ನಾಲ್ಕೈದು ದಿನ ಹೀಗೇ ಆಯ್ತು. ಆಮೇಲೆ ಜಗುಲಿಗೆ ಬರೋದೇ ಬಿಟ್ರು. ದಿನವಿಡೀ ಟಿವಿ ಮುಂದೆ. ಹಾಳೆ ಯಾಕೆ ಅನ್ನೋದು ಅವರಿಗೆ ನೆನಪಿರಲಿಲ್ಲ, ಈ ಮನೆಯಲ್ಲಿ ಏನನ್ನೋ ಮಾಡಬಾರದು ಅನ್ನೋದು ಮಾತ್ರ ಉಳಿದುಬಿಟ್ಟಿತ್ತು. ನನ್ನ ಗಂಡ ಒಂದು ರಾತ್ರಿ ಹಾಳೆ ಕಿತ್ತು ಮಡಚಿ ಜೇಬಲ್ಲಿಟ್ಟುಕೊಂಡ್ರು. ಏನೂ ಮಾತಾಡಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಆಗಸ್ಟ್‌ನಲ್ಲಿ ಬೇಲೂರಿಗೆ ಹೋದಾಗ ನಾದಿನಿ ಹತ್ತಿರ ಎಲ್ಲಾ ಹೇಳಿಕೊಂಡೆ. ಅವಳು ಗಿಡದ ವಿಷಯಕ್ಕಿಂತ ಮೊದಲು ಅಪ್ಪನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಮಾತು ಹೇಳಿದಳು: “ಘಾಟಿ ಕಡೆ ಮಳೇಲಿ ಬಂಡೆ ಮೇಲೆ ಗುಲಾಬಿ ಬಣ್ಣದ ಪುಟಾಣಿ ಹೂ ಬರುತ್ತಲ್ಲ ಅತ್ತಿಗೆ, ಅದೂ ಬಿಗೋನಿಯಾನೇ.” ಹೌದು. ಪಶ್ಚಿಮ ಘಟ್ಟದಲ್ಲಿ ನಮ್ಮದೇ ಬಿಗೋನಿಯಾಗಳಿವೆ. ಬಿಗೋನಿಯಾ ಕ್ರೆನಾಟಾ ಅನ್ನೋದು ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆ ಮೇಲೆ ಎದ್ದು, ಮಳೆ ನಿಂತ ಮೇಲೆ ಪುಟ್ಟ ಗೆಡ್ಡೆಯಾಗಿ ಮಲಗುತ್ತೆ. ಅಲ್ಲಿ ಮೂರು ತಿಂಗಳು ಬಿಡದೆ ಮಳೆ ಹೊಡೆದ್ರೂ ಅದು ಕೊಳೆಯಲ್ಲ. ಯಾಕಂದ್ರೆ ಬಂಡೆ ಮೇಲೆ ನೀರು ಹರಿಯುತ್ತೆ, ನಿಲ್ಲಲ್ಲ. ನಮ್ಮ ಬುಟ್ಟಿಯ ಬಿಗೋನಿಯಾದ ಅಜ್ಜ, ಬೊಲಿವಿಯೆನ್ಸಿಸ್ ಅಂತ ಅದರ ಹೆಸರು, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯದು. 1860ರ ದಶಕದಲ್ಲಿ ರಿಚರ್ಡ್ ಪಿಯರ್ಸ್ ಅನ್ನೋ ಗಿಡಬೇಟೆಗಾರ ಅದನ್ನ ಇಂಗ್ಲೆಂಡಿನ ವೀಚ್ ನರ್ಸರಿಗೆ ಕಳಿಸಿದ. ಅಲ್ಲಿಂದ ಶುರುವಾದ ಮಿಶ್ರತಳಿಗಳ ಸಂತಾನ ಇವತ್ತು ನಮ್ಮ ಕೊಕ್ಕೆಯಲ್ಲಿ ನೇತಾಡ್ತಿದೆ. ಬೆಟ್ಟದ ಗಿಡ ಅಂದ್ಮೇಲೆ ತಂಪು ಬೇಕು, ತೇವ ಬೇಕು, ನಿಂತ ನೀರು ಬೇಡ.

ಬುಟ್ಟಿಗೆ ನೀರು ಹಾಕೋದು ಹಾಗಾಗಿ ಎರಡೇ ಮಾತು. ಹಾಕಿದ್ರೆ ತಳದ ತೂತಿಂದ ಸುರಿಯೋವರೆಗೂ ಹಾಕಿ. ಆಮೇಲೆ ಮೇಲಿನ ಒಂದಿಂಚು ಒಣಗೋವರೆಗೂ ಮುಟ್ಟಬೇಡಿ. ದಿನಾ ಅರ್ಧ ಲೋಟ ಚಿಮುಕಿಸೋದು ಎರಡೂ ಕಡೆಯಿಂದ ಕೆಟ್ಟದ್ದು: ಮೇಲ್ಭಾಗ ಸದಾ ಒದ್ದೆ, ತಳ ಸದಾ ಒಣ. ತಳದಲ್ಲಿ ಜಲ್ಲಿಕಲ್ಲು ತುಂಬಿದ್ರೆ ನೀರು ಬೇಗ ಇಳಿಯುತ್ತೆ ಅಂತಾರಲ್ಲ, ಅದೂ ಸುಳ್ಳು. ಮಣ್ಣು ಪೂರ್ತಿ ತೋಯೋವರೆಗೂ ನೀರು ಕಲ್ಲಿಗೆ ಇಳಿಯಲ್ಲ. ಕಲ್ಲು ತುಂಬಿದಷ್ಟೂ ಬೇರಿಗೆ ಜಾಗ ಕಡಿಮೆ, ಒದ್ದೆ ಮಣ್ಣು ಬೇರಿಗೆ ಇನ್ನೂ ಹತ್ತಿರ. ತಟ್ಟೆ ಇಟ್ಟಿದ್ರೆ ಹತ್ತು ನಿಮಿಷಕ್ಕೆ ಚೆಲ್ಲಿಬಿಡಿ.

ನಾದಿನಿ ಇನ್ನೆರಡು ಬುಟ್ಟಿ ಕೊಟ್ಟಳು. ತಂದು ತೂಗುಹಾಕಿದೆ. ಒಂದು ಭಾನುವಾರ ಹಿತ್ತಿಲ ಕೊಟ್ಟಿಗೆಯ ಅಟ್ಟದಿಂದ ಕಾಯಿ ಇಳಿಸೋ ಕೆಲಸ ಇತ್ತು.

ಪಟ್ಟಣದಲ್ಲಿ ಬೆಳೆದವರಿಗೆ ಅಟ್ಟದ ವಿಷಯ ಒಂದು ಮಾತು ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಒಡೆದು ಒಣಗಿಸಿ ಅಲ್ಲ. ಬಲಿತ ಕಾಯಿಯನ್ನ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಆಯ್ತೋ ಇಲ್ವೋ ಅಂತ ಒಡೆದು ನೋಡೋಕಾಗಲ್ಲ, ಒಡೆದ್ರೆ ಹೋಯ್ತು. ಕೈಯಲ್ಲೆತ್ತಿ ತೂಕ ನೋಡಿ, ಕಿವಿ ಹತ್ತಿರ ಅಲ್ಲಾಡಿಸಬೇಕು. ಗುಳುಗುಳು ಅಂದ್ರೆ ನೀರಿದೆ, ಲೊಡಲೊಡ ಅಂದ್ರೆ ಗಿಟುಕು. ಮಾವ ಐವತ್ತು ವರ್ಷ ಮಾಡಿದ್ದು ಇದೇ ಕೆಲಸ.

ಅವತ್ತು ಅವರನ್ನ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದ್ವಿ, ಸುಮ್ಮನೆ ನೋಡ್ತಿರಲಿ ಅಂತ. ಅವರು ಸುಮ್ಮನಿರಲಿಲ್ಲ. ಒಂದೊಂದೇ ಕಾಯಿ ಎತ್ತಿ, ಅಲ್ಲಾಡಿಸಿ, ಎಡಕ್ಕೆ ಬಲಕ್ಕೆ ಎಸೀತಾ ಹೋದ್ರು. ನನ್ನ ಹೆಸರು ಎರಡು ಸಲ ಕೇಳಿದ್ರು, ಕಾಯಿ ವಿಷಯದಲ್ಲಿ ಒಂದು ಸಲವೂ ತಡವರಿಸಲಿಲ್ಲ. ಅವರು ಬಲಕ್ಕೆ ಹಾಕಿದ್ದನ್ನೆಲ್ಲ ಸುಲಿದು ಒಡೆದಾಗ ಎಲ್ಲಾ ಗಿಟುಕೇ.

ಸಂಜೆ ಅವರನ್ನ ಜಗುಲಿಗೆ ಕರ್ಕೊಂಡು ಬಂದೆ. ಬುಟ್ಟಿಯ ತಳಕ್ಕೆ ಅವರ ಕೈ ಇಟ್ಟು, “ಮಾವ, ಇದರಲ್ಲಿ ನೀರಿದೆಯಾ ನೋಡಿ” ಅಂದೆ. ಮೆಲ್ಲಗೆ ಎತ್ತಿದ್ರು. “ಐತೆ ಕಣವ್ವ, ಇವತ್ತು ಬ್ಯಾಡ.” ಪಕ್ಕದ್ದು ಎತ್ತಿದ್ರು. “ಇದು ಹಗುರ. ಹಾಕು.”

ನನಗೆ ನಂಬಿಕೆ ಸಾಲದೆ ಗಂಡನ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ತಂದೆ. ನಿಮ್ಮ ಮನೆಯಲ್ಲೂ ಇರುತ್ತೆ, ಏರ್‌ಪೋರ್ಟಿಗೆ ಹೋಗೋ ಮುಂಚೆ ಸೂಟ್‌ಕೇಸ್ ನೇತುಹಾಕ್ತೀವಲ್ಲ, ಅದೇ. ನಮ್ಮ ಹತ್ತಿಂಚಿನ ಬುಟ್ಟಿ ಪೂರ್ತಿ ನೆನೆದು ಸೋರಿ ನಿಂತಾಗ 3.6 ಕೆಜಿ. ಮೇಲಿನ ಒಂದಿಂಚು ಒಣಗಿದಾಗ ಸುಮಾರು 2.6. ಮಾವ ಬೇಡ ಅಂದಿದ್ದು 3.3 ಇತ್ತು, ಹಾಕು ಅಂದಿದ್ದು 2.5. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ಹಾಗಾಗಿ ಎಷ್ಟು ಹಾಕಬೇಕು ಅನ್ನೋ ಲೆಕ್ಕವೂ ಅಲ್ಲೇ ಸಿಕ್ತು. ನಿಮ್ಮ ಬುಟ್ಟಿಯ ತೂಕ ಬೇರೆ ಇರುತ್ತೆ. ಒಂದು ಸಲ ನೆನೆಸಿ ತೂಗಿ, ಒಣಗಿದಾಗ ತೂಗಿ, ಎರಡು ಅಂಕಿ ಬುಟ್ಟಿ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ವಾರ ಕಳೆದ್ರೆ ತಕ್ಕಡಿಯೂ ಬೇಡ, ಕೈಗೇ ಗೊತ್ತಾಗುತ್ತೆ.

ಮಾರನೇ ದಿನ ಕೊಕ್ಕೆಗಳಿಗೆ ಸಣ್ಣ ರಾಟೆ ಹಾಕಿಸಿದೆ, ಬಾವಿ ರಾಟೆಯ ಮರಿ. ಹಗ್ಗ ಬಿಟ್ರೆ ಬುಟ್ಟಿ ಎದೆಮಟ್ಟಕ್ಕೆ ಇಳಿಯುತ್ತೆ, ತಲೆಯೆತ್ತಿ ಕೈ ಚಾಚೋದು ಬೇಡ. ಮಾವ ಈಗಲೂ ದಿನಕ್ಕೆ ಆರೇಳು ಸಲ ಬರ್ತಾರೆ. ಬರಲಿ. ಚೊಂಬು ಕೆಳಗಿಟ್ಟು ಮೊದಲು ಬುಟ್ಟಿ ಎತ್ತೋದು ಅವರ ಕೈಗೆ ಹತ್ತಿಬಿಟ್ಟಿದೆ. ಹತ್ತು ಗಂಟೆಗೆ ಹಾಕಿದ್ರೆ ಹತ್ತೂವರೆಗೆ ಎತ್ತಿದಾಗ ಭಾರ ಇರುತ್ತೆ, ಬೇಡ ಅಂತ ಹೋಗ್ತಾರೆ. ಬೆಳಿಗ್ಗೆ ಹಾಕಿದ್ದು ಅವರು ನೆನಪಿಟ್ಟುಕೊಳ್ಳೋ ಅಗತ್ಯವೇ ಇಲ್ಲ, ಬುಟ್ಟಿಯೇ ಹೇಳುತ್ತೆ. ಯಾವಾಗಾದ್ರೂ ಎತ್ತದೇ ಸುರಿದುಬಿಡೋದೂ ಇದೆ. ಅಂಥ ದಿನ ಬುಟ್ಟಿಯನ್ನ ಓರೆ ಮಾಡಿ ಹಿಡಿದ್ರೆ ಹೆಚ್ಚಿನ ನೀರು ಇನ್ನಷ್ಟು ಸೋರುತ್ತೆ. ಅಷ್ಟು ಸಾಕು.

ಬಯಲುಸೀಮೆಯವರಿಗೆ ಇನ್ನೂ ಒಂದೆರಡು ಮಾತು. ನೇತಾಡೋ ಬುಟ್ಟಿಗೆ ಸುತ್ತಲೂ ಗಾಳಿ. ಆಷಾಢದ ಗಾಳಿ ಬೀಸೋ ದಿನ ನೆಲದ ಕುಂಡ ಒಣಗೋಕೆ ಮುಂಚೆ ಬುಟ್ಟಿ ಒಣಗಿರುತ್ತೆ. ಜಡಿಮಳೆ ಹಿಡಿದಿದೆ, ನೀರು ಬೇಡ ಅಂದುಕೊಳ್ಳಬೇಡಿ, ಸಜ್ಜೆ ಕೆಳಗಿನ ಬುಟ್ಟಿಗೆ ಮಳೆ ತಲುಪಲ್ಲ. ತಲುಪಿದ್ರೂ ದೊಡ್ಡ ಎಲೆಗಳು ಕೊಡೆ ಥರ ಹೊರಗೆ ಸುರಿಸಿಬಿಡುತ್ವೆ. ಎತ್ತಿಯೇ ನೋಡಿ. ಕೋಕೋಪೀಟ್ ಪೂರ್ತಿ ಒಣಗಿ ಅಂಚು ಬಿಟ್ಟಿದ್ರೆ ಮೇಲಿಂದ ಹಾಕಿದ ನೀರು ಆ ಸಂದಿಯಲ್ಲೇ ಜಾರಿ ಕೆಳಗೆ ಬರುತ್ತೆ, ಒಳಗೆ ಒಣಕಲೇ. ಆಗ ಬುಟ್ಟಿಯನ್ನ ಇಪ್ಪತ್ತು ನಿಮಿಷ ನೀರಿನ ಟಬ್‌ನಲ್ಲಿ ಕೂರಿಸಿ, ಆಮೇಲೆ ಎತ್ತಿ ಸೋರಲು ಬಿಡಿ. ನೀರು ಬೆಳಿಗ್ಗೆ ಹೊತ್ತು, ಎಲೆ ತೋಯಿಸದೆ ಬುಡಕ್ಕೆ. ರಾತ್ರಿಯಿಡೀ ಒದ್ದೆ ಇದ್ದ ಎಲೆ, ಹೂವಿಗೆ ಬೂದು ಬೂಷ್ಟು ಹಿಡಿಯುತ್ತೆ. ಮಳೆನೀರು ಒಂದು ಡ್ರಮ್ ಹಿಡಿದಿಟ್ಟುಕೊಂಡ್ರೆ ಬಿಗೋನಿಯಾಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಏಪ್ರಿಲ್ ಬಿಸಿಲಲ್ಲಿ ಅರಸೀಕೆರೆಯಲ್ಲಿ ಇದು ಹೂ ಬಿಡುತ್ತೆ ಅಂತ ಮಾತ್ರ ಕಾಯಬೇಡಿ. ಬದುಕಿರುತ್ತೆ, ಅಷ್ಟೆ. ಹೂವೇನಿದ್ರೂ ಮೋಡ ಬಂದ ಮೇಲೆ.

ನವೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರೋಕೆ ಶುರುವಾಯ್ತು. ಮತ್ತೆ ಕೊಂದೆ ಅಂದುಕೊಂಡು ನಾನೇ ಮಗ್ ಹಿಡಿದು ಓಡಿದೆ. ನಿಜ ಏನಂದ್ರೆ ಈ ಗಿಡ ಹಗಲಿನ ಉದ್ದ ಲೆಕ್ಕ ಹಾಕುತ್ತೆ. ಹಗಲು ಗಿಡ್ಡ ಆಗ್ತಿದ್ದ ಹಾಗೆ ಹೂ ಬಿಟ್ಟು, ಗೆಡ್ಡೆ ದಪ್ಪ ಮಾಡ್ಕೊಂಡು ಮಲಗೋಕೆ ಹೊರಡುತ್ತೆ. ನಮ್ಮ ಕಡೆ ಜೂನ್‌ನ ಹಗಲೇ ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದು ಗಂಟೆ ಚಿಲ್ಲರೆ. ಆ ಹೊತ್ತಲ್ಲಿ ನೀರು ಹಾಕಿದ್ರೆ ಮಲಗಿದ ಗೆಡ್ಡೆ ಕೊಳೆಯುತ್ತೆ. ನಿಧಾನಕ್ಕೆ ಕಡಿಮೆ ಮಾಡಿ, ಎಲೆ ಉದುರಿದ ಮೇಲೆ ನಿಲ್ಲಿಸಬೇಕು. ಕಾಂಡ ಕೀಳಬೇಡಿ, ತಾನೇ ಕಳಚಿಕೊಳ್ಳಲಿ.

ಮಗ್ ಹಿಡಿದು ನಿಂತ ನನ್ನನ್ನ ಮಾವ ತಡೆದ್ರು. “ಬುಡವ್ವ. ಇಂಗ್ಲಿ.” ಅವರ ತಲೆಯಲ್ಲಿ ಅದು ಬುಟ್ಟಿಯಾಗಿತ್ತೋ ಅಟ್ಟದ ಮೇಲಿನ ಕಾಯಾಗಿತ್ತೋ ಗೊತ್ತಿಲ್ಲ, ಹೇಳಿದ್ದು ಸರಿಯಾಗೇ ಇತ್ತು. ಗೆಡ್ಡೆಗಳನ್ನ ತೆಗೆದು, ಒಣ ಕೋಕೋಪೀಟ್ ಜೊತೆ ಪೇಪರ್ ಕವರ್‌ನಲ್ಲಿ ಹಾಕಿ ಮಂಚದ ಕೆಳಗೆ ತಂಪಲ್ಲಿಟ್ಟೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತೆ. ಮಾರ್ಚ್‌ನಲ್ಲಿ ನೋಡಿದ್ರೆ ಮೂರರಲ್ಲಿ ಎರಡಕ್ಕೆ ಗುಲಾಬಿ ಮೊಳಕೆ. ಒಂದು ಸುಕ್ಕಾಗಿ ಹೋಗಿತ್ತು. ತಗ್ಗಿದ ಭಾಗ ಮೇಲೆ ಮಾಡಿ ನೆಟ್ಟು, ಮೊಳಕೆ ಎಲೆಯಾಗೋವರೆಗೂ ಬರೀ ತೇವ ಕೊಟ್ಟೆ.

ಮೆಸೇಜ್ ಮಾಡಿದವರೇ, ನಿಮ್ಮ ಬುಟ್ಟಿ ಈಗ ಇಳಿಸಿ ಎತ್ತಿ ನೋಡಿ. ಭಾರ ಇದ್ದು ಎಲೆ ಜೋತಿದ್ರೆ ಏನು ಮಾಡಬೇಕು ಅಂತ ಮೇಲೆ ಬರೆದಿದೀನಿ. ತಳದ ತೂತು ಮುಚ್ಚಿದೆಯಾ ಅಂತಲೂ ಬೆರಳು ಹಾಕಿ ನೋಡಿ, ಎಷ್ಟೋ ರೆಡಿಮೇಡ್ ಪಾಟ್‌ಗಳಲ್ಲಿ ತೂತು ನಾವೇ ಕೊರೀಬೇಕು. ಮತ್ತೆ, ನಿಮ್ಮ ಮನೆಯಲ್ಲಿ ನಿಮಗೆ ಗೊತ್ತಿಲ್ಲದೆ ಇನ್ಯಾರಾದ್ರೂ ನೀರು ಹಾಕ್ತಿದಾರಾ ಅಂತ ಒಂದು ದಿನ ಹೆಡ್‌ಸೆಟ್ ತೆಗೆದು ಕೂತು ನೋಡಿ.

ಇವತ್ತು ಬೆಳಿಗ್ಗೆ ಮಾವ ಬುಟ್ಟಿ ಇಳಿಸಿ, “ಇದ್ಯಾವ ಹೂವವ್ವ? ಚೆಂದಾಗೈತೆ” ಅಂದ್ರು. ಬಿಗೋನಿಯಾ ಮಾವ, ಬೇಲೂರಿಂದ ನಿಮ್ಮ ಮಗಳು ಕೊಟ್ಟಿದ್ದು ಅಂದೆ. ನಿನ್ನೆಯೂ ಹೇಳಿದ್ದೆ. “ಹೌದಾ” ಅಂತ ಖುಷಿಯಾಗಿ ಎತ್ತಿ ನೋಡಿದ್ರು. “ಸಂಜೆಗಂಟ ಬ್ಯಾಡ,” ಅಂದು ಹಗ್ಗ ಎಳೆದು ಮೇಲೆ ಏರಿಸಿದ್ರು.